ಬೈಕಿನ ಬಿಡಿಭಾಗ: ಹಿಂದೆ ಕೂರುವವರೂ ಕೇಳಬೇಕಾದ ಮಾತು

ಕುರುಗೋಡಿನಿಂದ ಬಳ್ಳಾರಿಗೆ ಸುಮಾರು 30 ಕಿಲೋಮೀಟರ್. ಬಸ್ಸುಗಳೇನೋ ಇವೆ. ಆದರೆ ಆಸ್ಪತ್ರೆ, ಮದುವೆ, ಬಟ್ಟೆ ಅಂಗಡಿ, ಮಕ್ಕಳ ಕಾಲೇಜು ಎಂದು ಹೊರಟಾಗ ನಮ್ಮ ಕಡೆಯ ಹೆಚ್ಚಿನ ಮನೆಗಳ ಅಂಗಳದಿಂದ ಹೊರಡುವುದು ಬೈಕೇ. ಮುಂದೆ ಗಂಡನೋ ಮಗನೋ ಕೂತಿರುತ್ತಾರೆ. ಹಿಂದೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಬುರ್ಖಾದ ಅಂಚನ್ನೋ ಸೀರೆಯ ಸೆರಗನ್ನೋ ಹಿಡಿದುಕೊಂಡು ನಾವು ಕೂತಿರುತ್ತೇವೆ. ಗಾಡಿಯ ಬ್ರೇಕು ಹೇಗಿದೆ, ಟೈರು ಸವೆದಿದೆಯೇ, ಚೈನು ಸಡಿಲವಾಗಿದೆಯೇ ಎಂದು ನಾವು ಕೇಳುವುದಿಲ್ಲ. "ಅದು ಗಂಡಸರ ವಿಷಯ" ಎಂದು ಬಿಟ್ಟುಬಿಡುತ್ತೇವೆ. ನಾನೂ ಹಾಗೇ ಬಿಟ್ಟಿದ್ದವಳು.

ಮಗ ಒಂದು ಸೆಕೆಂಡ್ ಹ್ಯಾಂಡ್ ಬೈಕು ತಂದಿದ್ದ. ನೋಡಲು ಅಂದವಾಗಿತ್ತು. ಭತ್ತದ ಕೊಯ್ಲಿನ ದಿನಗಳಲ್ಲಿ ಒಂದು ಸಂಜೆ ತಂಗಿಯನ್ನು ಹಿಂದೆ ಕೂರಿಸಿಕೊಂಡು ಊರಿನ ಹೊರಗಿನ ಕಾಲುವೆ ಸೇತುವೆ ದಾಟುತ್ತಿದ್ದ. ಅವಳು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಗಾಳಿಗೆ ಬುರ್ಖಾದ ಅಂಚು ಹಾರಿ ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿತು. ಒಂದು ಕ್ಷಣದಲ್ಲಿ ಚಕ್ರ ಬಟ್ಟೆಯನ್ನು ಒಳಗೆ ಎಳೆದುಕೊಂಡಿತು, ಹುಡುಗಿ ನೆಲಕ್ಕೆ ಬಿದ್ದಳು. ರಸ್ತೆಯ ಮೇಲೆ ಭತ್ತದ ಹುಲ್ಲು ಬಿದ್ದಿದ್ದರಿಂದ ಮಗ ಗಾಡಿಯನ್ನು ನಿಧಾನವಾಗಿ ಓಡಿಸುತ್ತಿದ್ದ. ಹಾಗಾಗಿ ಮಣಿಕಟ್ಟಿನ ಮೂಳೆ ಮುರಿಯುವುದಕ್ಕೆ ಮುಗಿಯಿತು. ಅಲ್ಲಾಹನು ಕಾಪಾಡಿದ.

ಕೈಗೆ ಪ್ಲಾಸ್ಟರ್ ಹಾಕುತ್ತಿದ್ದ ವೈದ್ಯರು ತಲೆ ಎತ್ತದೆಯೇ ಕೇಳಿದರು, "ಗಾಡಿಗೆ ಸ್ಯಾರಿ ಗಾರ್ಡ್ ಇರಲಿಲ್ಲವೇನಮ್ಮಾ?"

ಮಗ ತಲೆ ತಗ್ಗಿಸಿದ. ಮೊದಲಿನ ಮಾಲೀಕ ಅದನ್ನು ತೆಗೆಸಿದ್ದನಂತೆ. ಅದಿದ್ದರೆ ಗಾಡಿ 'ಹಳೇ ಕಾಲದ್ದು' ಅನಿಸುತ್ತದಂತೆ. ಮಗನೂ ಮತ್ತೆ ಹಾಕಿಸಿರಲಿಲ್ಲ. ಅದು ಇದೆಯೋ ಇಲ್ಲವೋ ಎಂದು ಅದೇ ಗಾಡಿಯಲ್ಲಿ ಹತ್ತಾರು ಸಲ ಕೂತಿದ್ದ ನಾನೂ ನೋಡಿರಲಿಲ್ಲ.

ಒಂದು ಕಬ್ಬಿಣದ ಜಾಲರಿಗಾಗಿ ಅಲೆದಾಟ

ಸ್ಯಾರಿ ಗಾರ್ಡ್ ಎಂದರೆ ಹಿಂದಿನ ಚಕ್ರದ ಬದಿಗೆ ಬರುವ ಕಂಬಿಗಳ ಅಥವಾ ತಗಡಿನ ಒಂದು ಜಾಲರಿ, ಅಷ್ಟೇ. ಇದನ್ನು ಹುಡುಕಲು ಇಷ್ಟು ಅಲೆಯಬೇಕಾದೀತು ಎಂದು ನಾನು ಎಣಿಸಿರಲಿಲ್ಲ. ಊರಿನ ಅಂಗಡಿಯಲ್ಲಿ ಆ ಗಾಡಿಯದು ಇರಲಿಲ್ಲ. ಬಳ್ಳಾರಿಯ ಒಂದು ಅಂಗಡಿಯಲ್ಲಿ, "ಇದು ಎಲ್ಲಾ ಗಾಡಿಗೂ ಬರ್ತದ್ರೀ ಅಕ್ಕಾ" ಎಂದು ಒಂದನ್ನು ಕೊಟ್ಟರು. ಮನೆಗೆ ತಂದು ಹಾಕಿ ನೋಡಿದರೆ ಬೋಲ್ಟಿನ ತೂತುಗಳು ಹೊಂದಲಿಲ್ಲ. ಗ್ಯಾರೇಜಿನ ಹುಡುಗ ತಂತಿಯಿಂದ ಬಿಗಿದು ಕೊಟ್ಟ. ಗಾಡಿ ಸ್ಟಾರ್ಟ್ ಮಾಡಿದೊಡನೆ ಅದು ಅಲುಗಾಡತೊಡಗಿತು. ಬಟ್ಟೆಯನ್ನು ಚಕ್ರದಿಂದ ಕಾಪಾಡಬೇಕಾದ ಜಾಲರಿಯೇ ತಾನಾಗಿ ಕಳಚಿ ಚಕ್ರಕ್ಕೆ ಸಿಕ್ಕಿದರೆ? ಅದನ್ನು ಬಿಚ್ಚಿಸಿ ವಾಪಸು ಕಳಿಸಿದೆ.

ಕೊನೆಗೆ ಆ ಕಂಪನಿಯ ಸ್ಪೇರ್ ಕೌಂಟರಿಗೆ ಮಗನ ಜೊತೆ ನಾನೇ ಹೋದೆ. ಅಲ್ಲಿ ಕೂತವರು ಕೇಳಿದ್ದು ಗಾಡಿಯ ಹೆಸರನ್ನಲ್ಲ, ಆರ್.ಸಿ.ಯಲ್ಲಿರುವ ಚಾಸಿಸ್ ನಂಬರನ್ನು. ಅದನ್ನು ಕಂಪ್ಯೂಟರಿಗೆ ಹಾಕಿದಾಗ ಗಾಡಿ ತಯಾರಾದ ವರ್ಷ, ಅದಕ್ಕೆ ಹೊಂದುವ ಭಾಗದ ನಂಬರು ಎಲ್ಲವೂ ಬಂತು. ಕೆಲವು ದಿನಗಳಲ್ಲಿ ಸಾಮಾನು ಬಂತು. ಎರಡು ಬೋಲ್ಟ್, ಹತ್ತು ನಿಮಿಷದ ಕೆಲಸ. ಮಗಳ ಕೈಗೆ ಆದ ಖರ್ಚಿನ ಮುಂದೆ ಅದರ ಬೆಲೆ ಯಾವ ಲೆಕ್ಕಕ್ಕೂ ಇರಲಿಲ್ಲ.

ಆಮೇಲೆ ತಿಳಿಯಿತು, ಇದು ಬೇಕಾದವರು ಹಾಕಿಸಿಕೊಳ್ಳುವ ಅಲಂಕಾರದ ಸಾಮಾನಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವು ಬೈಕು ತಯಾರಿಸುವಾಗಲೇ ಮೂರು ವಸ್ತುಗಳಿರಬೇಕೆಂದು ಹೇಳುತ್ತದೆ. ಮೊದಲನೆಯದು ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಭದ್ರವಾದ ಹಿಡಿ, ಎರಡನೆಯದು ಕಾಲಿಡಲು ಫುಟ್‌ರೆಸ್ಟ್. ಮೂರನೆಯದು, ಹಿಂದೆ ಕೂತವರ ಬಟ್ಟೆ ಸಿಕ್ಕಿಹಾಕಿಕೊಳ್ಳದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗವನ್ನು ಮುಚ್ಚುವ ತಡೆ. ಮೂರೂ ಇರುವುದು ಹಿಂದೆ ಕೂರುವವರಿಗಾಗಿ, ಅಂದರೆ ಹೆಚ್ಚಾಗಿ ನಮಗಾಗಿ. ಇವುಗಳನ್ನು ಕಿತ್ತುಹಾಕುವಾಗ ಮಾತ್ರ ನಮ್ಮನ್ನು ಯಾರೂ ಕೇಳುವುದಿಲ್ಲ.

ಮೈಸೂರಿನಲ್ಲಿ ಹುಟ್ಟಿ ಅಂಗಳದಲ್ಲಿ ನಿಂತ ಗಾಡಿ

ಸಾಮಾನು ಹುಡುಕುವ ಕಷ್ಟ ನಮ್ಮ ಮನೆಗೆ ಹೊಸದಲ್ಲ. ನಮ್ಮ ಮಾವನವರ ಬಳಿ ಒಂದು ಯೆಜ್ಡಿ ಇದೆ. ಭತ್ತದ ವ್ಯಾಪಾರಕ್ಕೆಂದು ಸಿರುಗುಪ್ಪ, ಕಂಪ್ಲಿ ಎಂದು ಅದರ ಮೇಲೆಯೇ ಸುತ್ತಿದವರು ಅವರು. ಈಗ ವಯಸ್ಸಾಗಿದೆ. ಆದರೆ ಶುಕ್ರವಾರ ಬೆಳಿಗ್ಗೆ ಅದನ್ನು ಒರೆಸಿ ಒಮ್ಮೆ ಸ್ಟಾರ್ಟ್ ಮಾಡದಿದ್ದರೆ ಅವರಿಗೆ ಸಮಾಧಾನವಿಲ್ಲ. "ಇದು ನಮ್ಮ ಮೈಸೂರಿನ ಗಾಡಿ ಕಣಮ್ಮಾ" ಎನ್ನುತ್ತಾರೆ.

ಅವರ ಮಾತು ನಿಜ. ಜಾವಾ ಮೂಲತಃ ಜೆಕೊಸ್ಲೊವಾಕಿಯಾ ದೇಶದ ಗಾಡಿ. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಯಾದವಗಿರಿಯಲ್ಲಿದ್ದ ಅದರ ಕಾರ್ಖಾನೆಯನ್ನು ಉದ್ಘಾಟಿಸಿದವರು ಅಂದಿನ ಮೈಸೂರು ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ಕಿಕ್ ಹೊಡೆಯುವ ಸಲಾಕೆಯನ್ನೇ ಮುಂದಕ್ಕೆ ಮಡಚಿದರೆ ಗೇರು ಹಾಕುವ ಸಲಾಕೆಯಾಗುವುದು ಈ ಗಾಡಿಯ ವಿಶೇಷ. ಎರಡು ಬದಿಗೆ ಎರಡು ಸೈಲೆನ್ಸರು, ದೂರದಿಂದಲೇ ಗುರುತಿಸಬಹುದಾದ ಸದ್ದು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಸಾವಿರಾರು ಮನೆಗಳಲ್ಲಿ ಗಾಡಿಗಳು ಉಳಿದವು, ಅವಕ್ಕೆ ಸಾಮಾನು ಮಾಡುವ ಕಾರ್ಖಾನೆ ಉಳಿಯಲಿಲ್ಲ.

ಹಾಗಾದರೆ ಇಂದಿಗೂ ಅವು ಓಡುತ್ತಿರುವುದು ಹೇಗೆ? ಮಾವನವರ ಗಾಡಿಯ ಪಿಸ್ಟನ್ ಸವೆದಾಗ ನಾನು ಅದನ್ನು ಕಣ್ಣಾರೆ ಕಂಡೆ. ನಮ್ಮ ಊರಿನ ವಯಸ್ಸಾದ ಮೇಸ್ತ್ರಿ ಮೊದಲು ಸಾಮಾನು ತರಿಸಲಿಲ್ಲ, ಅಳತೆ ತೆಗೆದರು. ಸಿಲಿಂಡರು ಎಷ್ಟು ಸವೆದಿದೆ ಎಂದು ನೋಡಿದರು. ಸವೆದ ಸಿಲಿಂಡರನ್ನು ಯಂತ್ರದಲ್ಲಿ ಸ್ವಲ್ಪ ಕೊರೆದು ನುಣುಪು ಮಾಡಿ, ಅದಕ್ಕೆ ಹೊಂದುವ ಒಂದು ಅಳತೆ ದೊಡ್ಡ ಪಿಸ್ಟನ್ನು ಹಾಕಬೇಕಂತೆ. ಇದಕ್ಕೆ 'ಓವರ್‌ಸೈಜ್' ಎನ್ನುತ್ತಾರೆ. ಅಳತೆಯನ್ನು ಚೀಟಿಯಲ್ಲಿ ಬರೆದು ಬೆಂಗಳೂರಿನ ಪರಿಚಿತ ವ್ಯಾಪಾರಿಗೆ ಫೋನಿನಲ್ಲಿ ಓದಿ ಹೇಳಿದರು. ವಾಹನಗಳ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ದಶಕಗಳಿಂದ ಹೆಸರಾದ ಪೇಟೆ. ಸಾಮಾನು ಬಸ್ಸಿನ ಪಾರ್ಸೆಲ್ಲಿನಲ್ಲಿ ಬಳ್ಳಾರಿಗೆ ಬಂತು. ಹಳೆಯ ಪಿಸ್ಟನ್ನನ್ನು ಪೇಪರಿನಲ್ಲಿ ಸುತ್ತಿ ಜೊತೆಗೊಯ್ದು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿಯೇ ಅವರು ಬಿಡಿಸಿಕೊಂಡದ್ದು.

ಹಳೆಯ ಗಾಡಿ ಇಟ್ಟುಕೊಂಡವರಿಗೆ ಇನ್ನೂ ಕೆಲವು ದಾರಿಗಳಿವೆ. ಜಾವಾ, ಯೆಜ್ಡಿ ಪ್ರಿಯರ ಕೂಟಗಳು ಬೆಂಗಳೂರು, ಮೈಸೂರುಗಳಲ್ಲಿವೆ. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅವರು ಜಾವಾ ದಿನವೆಂದು ಸೇರುತ್ತಾರೆ. ಯಾರ ಬಳಿ ಯಾವ ಸಾಮಾನು ಉಳಿದಿದೆ, ಯಾವ ಲೇತ್‌ನವರು ಯಾವುದನ್ನು ಚೆನ್ನಾಗಿ ಮಾಡಿಕೊಡುತ್ತಾರೆ ಎಂಬುದು ಇಂಥ ಕಡೆ ಬಾಯಿಂದ ಬಾಯಿಗೆ ಹೋಗುತ್ತದೆ. ಬುಷ್‌ಗಳನ್ನು ಲೇತ್‌ನಲ್ಲಿ ಮಾಡಿಸಬಹುದು. ಬ್ರೇಕ್ ಶೂಗೆ ಹೊಸ ಲೈನರ್ ಹಾಕಿಸಬಹುದು. ಕೇಬಲ್, ಸೀಟು, ರಬ್ಬರು ಮಾಡುವವರಿದ್ದಾರೆ. ಚೆನ್ನೈಯ ಪುದುಪೇಟೆ, ದೆಹಲಿಯ ಕರೋಲ್ ಬಾಗ್‌ಗಳಂಥ ಪೇಟೆಗಳಲ್ಲಿ ಹುಡುಕಿದರೆ ಸಿಗುವ ಸಾಮಾನೂ ಇದೆ.

ಹಳೆಯ ಗಾಡಿಗಳಿಗೆ ಈಗ ಹೊಸದೊಂದು ತೊಂದರೆಯೂ ಬಂದಿದೆ. ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆಸಲಾಗುತ್ತಿದೆ. ಇದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಪೈಪು, ಕಾರ್ಬೊರೇಟರಿನ ವಾಷರುಗಳು ಉಬ್ಬಿ ಅಥವಾ ಬಿರಿದು ಪೆಟ್ರೋಲು ಸೋರಬಹುದು. ಎಥೆನಾಲ್ ನೀರನ್ನು ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯಬಹುದು. ಅಂಗಳದಲ್ಲೋ ನಡುಮನೆಯಲ್ಲೋ ನಿಂತ ಹಳೆಯ ಗಾಡಿಯ ಬಳಿ ಪೆಟ್ರೋಲಿನ ವಾಸನೆ ಬಂದರೆ ಅಲಕ್ಷ್ಯ ಮಾಡಬೇಡಿ. ಒಲೆ, ದೀಪಗಳನ್ನು ದೂರವಿಡಿ, ಆ ಪೈಪನ್ನು ಬದಲಿಸಲು ಹೇಳಿ.

ಹೆಸರು ಒಂದೇ, ಸಾಮಾನು ಬೇರೆ

ಜಾವಾ ಹೆಸರು 2018ರ ನವೆಂಬರಿನಲ್ಲಿ, ಯೆಜ್ಡಿ ಹೆಸರು 2022ರ ಜನವರಿಯಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯ ಹೊಸ ಬೈಕುಗಳ ಮೇಲೆ ಮತ್ತೆ ಬಂತು. ಮಾವನವರಿಗೆ ಸಂತೋಷವೋ ಸಂತೋಷ, "ಇನ್ನು ಸಾಮಾನಿಗೆ ಕೊರತೆಯಿಲ್ಲ" ಎಂದರು. ಮೇಸ್ತ್ರಿ ನಕ್ಕರು. ಹಳೆಯದು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಇಂಜಿನ್ನು. ಹೊಸದು ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಇಂಜಿನ್ನು. ಟ್ಯಾಂಕಿನ ಮೇಲಿನ ಹೆಸರು ಒಂದೇ ಆದರೂ ಒಂದರ ಇಂಜಿನ್ ಸಾಮಾನು ಇನ್ನೊಂದಕ್ಕೆ ಹೊಂದುವುದಿಲ್ಲ.

ನಮ್ಮ ಮನೆಗಳಲ್ಲಿರುವ ಸಾಧಾರಣ ಗಾಡಿಗಳ ಕಥೆಯೂ ಇದೇ. ಸ್ಪ್ಲೆಂಡರ್ ಬಂದದ್ದು 1994ರಲ್ಲಿ, ಹೀರೋ ಹೋಂಡಾ ಹೆಸರಿನಲ್ಲಿ. ಹೀರೋ ಮತ್ತು ಹೋಂಡಾ ಬೇರೆಯಾದ ಮೇಲೆ 2011ರಲ್ಲಿ ಕಂಪನಿಯ ಹೆಸರು ಹೀರೋ ಮೋಟೊಕಾರ್ಪ್ ಆಯಿತು. 2017ರ ಏಪ್ರಿಲಿನಿಂದ ಬಿ.ಎಸ್.-4, 2020ರ ಏಪ್ರಿಲಿನಿಂದ ಬಿ.ಎಸ್.-6 ಮಾದರಿಯ ಗಾಡಿಗಳು ಬಂದವು. ಕಾರ್ಬೊರೇಟರಿನ ಜಾಗಕ್ಕೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಟರ್ ಬಂತು. ಗಾಡಿಯ ಹೆಸರು ಮಾತ್ರ ಸ್ಪ್ಲೆಂಡರ್ ಎಂದೇ ಉಳಿಯಿತು. "ಸ್ಪ್ಲೆಂಡರ್‌ಗೆ ಒಂದು ಕೇಬಲ್ ಕೊಡಿ" ಎಂದರೆ ಅಂಗಡಿಯವರು ಯಾವ ಸ್ಪ್ಲೆಂಡರ್‌ನ ಕೇಬಲ್ ಕೊಡಬೇಕು? ಬಟ್ಟೆ ಅಂಗಡಿಗೆ ಹೋಗಿ "ಒಂದು ರವಿಕೆ ಕೊಡಿ" ಎಂದಂತೆ ಆಯಿತಲ್ಲವೇ? ಅಳತೆ ಹೇಳದೆ ತಂದ ರವಿಕೆಯನ್ನು ನಾವು ತೊಡುವುದಿಲ್ಲ, ಅಳತೆ ಹೇಳದೆ ತಂದ ಸಾಮಾನನ್ನು ಮಾತ್ರ ಗಾಡಿಗೆ ತೊಡಿಸುತ್ತೇವೆ.

ಆದ್ದರಿಂದ ಅಂಗಡಿಗೆ ಹೋಗುವಾಗ ಮೂರು ವಿಷಯ ಕೈಯಲ್ಲಿರಲಿ. ಆರ್.ಸಿ.ಯ ಫೋಟೋ, ಅಂದರೆ ಮಾದರಿ, ತಯಾರಾದ ತಿಂಗಳು ಮತ್ತು ವರ್ಷ, ಚಾಸಿಸ್ ನಂಬರು ಕಾಣುವಂಥದ್ದು. ಸಾಧ್ಯವಾದರೆ ಬಿಚ್ಚಿದ ಹಳೆಯ ಸಾಮಾನು. ಅದರ ಮೇಲೆ ನಂಬರು ಕೆತ್ತಿದ್ದರೆ ಅದೂ ಸಹ.

ಅಸಲಿ, ನಕಲಿ ಮತ್ತು ಗುಜರಿ

ಅಂಗಡಿಯಲ್ಲಿ "ಒರಿಜಿನಲ್ ಬೇಕೋ, ಡೂಪ್ಲಿಕೇಟ್ ಬೇಕೋ?" ಎಂದು ಕೇಳುತ್ತಾರೆ. ಆದರೆ ಪೇಟೆಯಲ್ಲಿರುವುದು ಎರಡು ಬಗೆಯಲ್ಲ, ನಾಲ್ಕು ಬಗೆ.

ಮೊದಲನೆಯದು, ಗಾಡಿಯ ಕಂಪನಿಯೇ ತನ್ನ ಹೆಸರಿನ ಪೊಟ್ಟಣದಲ್ಲಿ ಮಾರುವ ಸಾಮಾನು. ಎರಡನೆಯದು, ಬೇರೆ ಹೆಸರುವಾಸಿ ಕಂಪನಿಗಳು ತಮ್ಮ ಹೆಸರಿನಲ್ಲೇ ಮಾರುವ ಸಾಮಾನು. ಗಾಡಿ ತಯಾರಿಸುವವರು ಚೈನು, ಬ್ರೇಕ್ ಶೂ, ಬಲ್ಬು, ಟೈರುಗಳನ್ನು ಎಲ್ಲವನ್ನೂ ತಾವೇ ಮಾಡುವುದಿಲ್ಲ, ಇಂಥ ಕಾರ್ಖಾನೆಗಳಿಂದ ಕೊಳ್ಳುತ್ತಾರೆ. ಆದ್ದರಿಂದ ಇವನ್ನು ನಕಲಿ ಎನ್ನಲಾಗದು. ಎಷ್ಟೋ ಸಲ ಬೆಲೆ ಕಡಿಮೆ ಇದ್ದು ಗುಣ ಚೆನ್ನಾಗಿರುತ್ತದೆ. ಮೂರನೆಯದು, ಹೆಸರೇ ಇಲ್ಲದ ಲೋಕಲ್ ಮಾಲು. ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು. ಕಂಪನಿಯ ಹೆಸರು, ಬಣ್ಣ, ಪೊಟ್ಟಣವನ್ನೇ ಕದ್ದು ಅದರೊಳಗೆ ಲೋಕಲ್ ಮಾಲು ತುಂಬಿದ್ದು. ಲೋಕಲ್ ಮಾಲು ಕೊಂಡವನಿಗೆ ತಾನು ಕೊಂಡದ್ದು ಏನೆಂದು ಗೊತ್ತಿರುತ್ತದೆ, ಇದನ್ನು ಕೊಂಡವನಿಗೆ ಗೊತ್ತಿರುವುದಿಲ್ಲ.

ಇದರಿಂದ ಏನಾಗುತ್ತದೆ? ಬ್ರೇಕ್ ಶೂವಿನ ಉದಾಹರಣೆ ನೋಡಿ. ಅರ್ಧಚಂದ್ರದಂಥ ಲೋಹದ ಮೇಲೆ ಉಜ್ಜುವ ಪದರವೊಂದನ್ನು ಅಂಟಿಸಿರುತ್ತಾರೆ. ಕೆಟ್ಟ ಮಾಲಿನಲ್ಲಿ ಆ ಪದರ ಬೇಗ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಇಲ್ಲವೇ ಬಿಸಿಗೆ ಅಂಟು ಬಿಟ್ಟು ಪದರ ಕಿತ್ತುಬಂದು ಡ್ರಮ್ಮಿನೊಳಗೆ ಸಿಕ್ಕಿ ಚಕ್ರವೇ ಹಿಡಿದುಕೊಳ್ಳಬಹುದು. ಅದಿರಿನ ಲಾರಿ, ಭತ್ತದ ಟ್ರ್ಯಾಕ್ಟರುಗಳ ನಡುವೆ ಸಾಗುವ ನಮ್ಮ ರಸ್ತೆಗಳಲ್ಲಿ ಕೆಲವು ನೂರು ರೂಪಾಯಿಯ ಉಳಿತಾಯಕ್ಕೆ ತೆರುವ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಚೈನಿನ ವಿಷಯದಲ್ಲಿ ಆಗುವ ತಪ್ಪು ಬೇರೆ. ಚೈನು ಸವೆದಿದೆಯೆಂದು ಚೈನು ಮಾತ್ರ ಹೊಸದು ಹಾಕಿಸಿ, ಹಲ್ಲು ಸವೆದ ಚಕ್ರಗಳನ್ನು ಹಾಗೇ ಬಿಡುತ್ತಾರೆ. ಕೊಕ್ಕೆಯಂತಾದ ಹಳೆಯ ಹಲ್ಲುಗಳು ಹೊಸ ಚೈನನ್ನು ಬೇಗ ತಿಂದುಹಾಕುತ್ತವೆ. ಆದ್ದರಿಂದಲೇ ಮೇಸ್ತ್ರಿಗಳು "ಸೆಟ್ ಹಾಕಿಸಿ" ಎನ್ನುವುದು, ದುಡ್ಡು ಮಾಡಲು ಅಲ್ಲ. ನಮ್ಮ ಕಡೆಯ ಎರೆ ಮಣ್ಣು ಚೈನಿಗೆ ಮೆತ್ತಿ ಒಣಗಿದರೆ ಸವೆತ ಇನ್ನೂ ಬೇಗ. ಹೊಲಕ್ಕೆ ಹೋಗಿ ಬಂದ ಗಾಡಿಯ ಚೈನನ್ನು ಒರೆಸಿ ಎಣ್ಣೆ ಬಿಟ್ಟರೆ ಒಂದು ಸೆಟ್ಟಿನ ಆಯಸ್ಸು ಎಷ್ಟೋ ಹೆಚ್ಚುತ್ತದೆ.

ಇಂಜಿನ್ ಆಯಿಲಿನಲ್ಲಿಯೂ ಗಮನವಿರಲಿ. ಹೆಚ್ಚಿನ ಗೇರ್ ಬೈಕುಗಳ ಕ್ಲಚ್ಚು ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಕಾರಿಗೆಂದು ಮಾಡಿದ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಬೈಕಿನ ಆಯಿಲ್ ಡಬ್ಬಿಯ ಮೇಲೆ 'ಜಾಸೊ ಎಂ.ಎ.' ಅಥವಾ 'ಎಂ.ಎ.2' ಎಂದಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. 'ಹೊಸ ಟೈರು' ಎಂದು ಕೊಟ್ಟದ್ದು ಎಷ್ಟು ವರ್ಷ ಗೋದಾಮಿನಲ್ಲಿತ್ತು ಎಂಬುದನ್ನು ಇದರಿಂದ ನೀವೇ ಓದಬಹುದು.

ಗುಜರಿಯ ಸಾಮಾನನ್ನು ಪೂರ್ತಿಯಾಗಿ ತಳ್ಳಿಹಾಕಬೇಕಿಲ್ಲ. ಹಳೆಯ ಗಾಡಿಗಳ ಪಾಲಿಗೆ ಅದೇ ಆಸರೆ. ಮಡ್‌ಗಾರ್ಡ್, ಸೈಡ್ ಪ್ಯಾನೆಲ್, ಫುಟ್‌ರೆಸ್ಟ್, ಸ್ಟ್ಯಾಂಡ್ ಇಂಥವನ್ನು ನೋಡಿ ಕೊಳ್ಳಬಹುದು. ಬ್ರೇಕ್ ಸಾಮಾನು, ಟೈರು, ಮುಂದಿನ ಫೋರ್ಕು, ಹೆಲ್ಮೆಟ್ ಮಾತ್ರ ಗುಜರಿಯಿಂದ ಬೇಡ. ಇಂಜಿನ್ನನ್ನೇ ಬದಲಿಸುವುದಾದರೆ ಸಾರಿಗೆ ಕಚೇರಿಯ ಅನುಮತಿ ಪಡೆದು ಆರ್.ಸಿ.ಯಲ್ಲಿ ಬರೆಸಬೇಕು. ಅರ್ಧ ಬೆಲೆಗೆ ಸಿಗುತ್ತದೆ ಎಂದು ಕಳವಿನ ಮಾಲು ಕೊಂಡರೆ ಕೊಂಡವನೂ ಅಪರಾಧಿಯಾಗಬಹುದು.

ಗ್ಯಾರೇಜು, ಗುಜರಿ, ಸ್ಪೇರ್ ಅಂಗಡಿಗಳನ್ನು ನಂಬಿ ಬದುಕುವ ಮನೆಗಳು ನಮ್ಮ ಸಮುದಾಯದಲ್ಲಿ ಬಹಳ. ಅದು ಬೆವರಿನ, ಗೌರವದ ದುಡಿಮೆ. ಹಾಗಾಗಿ ಈ ಮಾತು ಕೊಳ್ಳುವವರಿಗೆ ಮಾತ್ರವಲ್ಲ, ಮಾರುವವರ ಮನೆಯ ಸಹೋದರಿಯರಿಗೂ ಸೇರಿದೆ. ಪ್ರವಾದಿ ಮುಹಮ್ಮದ್(ಸ) ರವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗೆ ಒದ್ದೆಯಿರುವುದನ್ನು ಕಂಡು, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ನಮಗೆಲ್ಲ ಗೊತ್ತಿರುವುದೇ. ಭತ್ತದ ಊರಿನವರಾದ ನಮಗೆ ಒದ್ದೆ ಧಾನ್ಯದ ಮೋಸ ಕೂಡಲೇ ಅರ್ಥವಾಗುತ್ತದೆ. ಪೊಟ್ಟಣ ಬದಲಿಸಿ ಮಾರಿದ ಬ್ರೇಕ್ ಶೂ ಅದಕ್ಕಿಂತ ದೊಡ್ಡ ಮೋಸ. ಒದ್ದೆ ಧಾನ್ಯದಿಂದ ಹಣ ಹೋದೀತು, ಇದರಿಂದ ಜೀವ ಹೋದೀತು. "ಇದು ಲೋಕಲ್ ಮಾಲು, ಇಷ್ಟು ದಿನ ಬರುತ್ತದೆ" ಎಂದು ಇದ್ದದ್ದನ್ನು ಇದ್ದಂತೆ ಹೇಳುವ ವ್ಯಾಪಾರಿಯ ಬಳಿ ಗಿರಾಕಿ ಮತ್ತೆ ಬರುತ್ತಾನೆ.

ಹೊಸ ಗಾಡಿಯ ಹೊಸ ಕಷ್ಟ

ಹಳೆಯದಕ್ಕೆ ಸಾಮಾನು ಸಿಗುವುದಿಲ್ಲ, ಹೊಸದಕ್ಕಾದರೆ ತೊಂದರೆಯಿಲ್ಲ ಎಂದು ಎಣಿಸುವಂತಿಲ್ಲ. ಹಳೆಯ ಗಾಡಿ ದಾರಿಯಲ್ಲಿ ನಿಂತರೆ ಮೇಸ್ತ್ರಿ ಪ್ಲಗ್ಗು ಬಿಚ್ಚಿ, ಕಾರ್ಬೊರೇಟರು ಊದಿ ಓಡಿಸಿಬಿಡುತ್ತಿದ್ದರು. ಈಗಿನ ಬಿ.ಎಸ್.-6 ಗಾಡಿಯಲ್ಲಿ ಸೆನ್ಸರುಗಳಿವೆ, ಅವನ್ನೆಲ್ಲ ನಡೆಸುವ ಪುಟ್ಟ ಕಂಪ್ಯೂಟರಿದೆ. ಯಾವುದು ಕೆಟ್ಟಿದೆ ಎಂದು ತಿಳಿಯಲು ಸ್ಕ್ಯಾನರ್ ಬೇಕು. ಸೆನ್ಸರನ್ನು ಲೇತ್‌ನಲ್ಲಿ ಮಾಡಿಸಲಾಗದು, ಬದಲಿಸಲೇಬೇಕು. ನಮ್ಮಂಥ ಊರಿನ ಗ್ಯಾರೇಜಿನವರಿಗೆ ಆ ಸಲಕರಣೆಯೂ ತರಬೇತಿಯೂ ಸುಲಭವಾಗಿ ಸಿಗುವುದಿಲ್ಲ.

ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು ಎಂಬ ಮಾತು ಜಗತ್ತಿನೆಲ್ಲೆಡೆ ಎದ್ದಿರುವುದು ಇದಕ್ಕೇ. ನಮ್ಮಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಈ ಕುರಿತು ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು 'ರೈಟ್ ಟು ರಿಪೇರ್' ಎಂಬ ತಾಣವನ್ನು ತೆರೆಯಿತು. ಕೃಷಿ ಸಲಕರಣೆ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಅದರಲ್ಲಿ ಸೇರಿವೆ. ಹೊಸ ಗಾಡಿ ಕೊಳ್ಳುವಾಗ ಬೆಲೆ, ಮೈಲೇಜು ಕೇಳುವುದರ ಜೊತೆಗೆ "ಇದರ ಸಾಮಾನು ಬಳ್ಳಾರಿಯಲ್ಲೇ ಸಿಗುತ್ತದೆಯೇ, ಎಷ್ಟು ದಿನದಲ್ಲಿ?" ಎಂದೂ ಕೇಳಿ.

ತಲೆಗೆ, ಮಗುವಿಗೆ, ಕಿವಿಗೆ

ಬಿಡಿಭಾಗದಷ್ಟೇ ಮುಖ್ಯವಾದವು ಗಾಡಿಯ ಜೊತೆಯ ಸಾಮಾನುಗಳು. ಹೆಲ್ಮೆಟ್ ಹಿಂದೆ ಕೂತವರಿಗೂ ಬೇಕು. ಕರ್ನಾಟಕದಲ್ಲಿ 2016ರಿಂದ ಇದು ಕಡ್ಡಾಯವಾಗಿ ಜಾರಿಯಲ್ಲಿದೆ. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ತಯಾರಿಸುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಗುರುತಿನ ಜೊತೆ ಐ.ಎಸ್. 4151 ಎಂಬ ಸಂಖ್ಯೆ ಇರಬೇಕು. ರಸ್ತೆ ಬದಿಯಲ್ಲಿ ಸಿಗುವ ಅಗ್ಗದ ಟೊಪ್ಪಿಗೆ ಪೊಲೀಸರ ಕಣ್ಣಿಗೆ ಹೆಲ್ಮೆಟ್, ಪೆಟ್ಟಿನ ಮುಂದೆ ಬರೀ ಪ್ಲಾಸ್ಟಿಕ್ಕು. ಸ್ಕಾರ್ಫಿನ ಮೇಲೆ ಹಾಕಿಕೊಳ್ಳುವವರು ಸ್ಕಾರ್ಫ್ ಕಟ್ಟಿಕೊಂಡೇ ಅಂಗಡಿಗೆ ಹೋಗಿ ಅಳತೆ ನೋಡಿ. ಪಿನ್ನುಗಳನ್ನು ಹೆಲ್ಮೆಟ್ಟಿನ ಕೆಳಗೆ ಸಿಗದಂತೆ ಚುಚ್ಚಿಕೊಳ್ಳಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು.

ಮಗುವನ್ನು ಟ್ಯಾಂಕಿನ ಮೇಲೆ ಕೂರಿಸುವುದು ನಮ್ಮಲ್ಲಿ ರೂಢಿ. ಆದರೆ 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ನಿಯಮದ ಪ್ರಕಾರ 9 ತಿಂಗಳಿನಿಂದ 4 ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಇರಬೇಕು. ಮಗುವನ್ನು ಓಡಿಸುವವರ ಮೈಗೆ ಜೋಡಿಸುವ ಸುರಕ್ಷಾ ಪಟ್ಟಿಯೂ ಇರಬೇಕು. ಆಗ ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಆ ಪಟ್ಟಿ ಬೈಕಿನ ಅಂಗಡಿಗಳಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಇಲ್ಲವೆಂದರೆ ತರಿಸಿಕೊಡಲು ಹೇಳಿ. ಕೇಳುವವರು ಹೆಚ್ಚಾದರೆ ತರಿಸುವವರೂ ಹೆಚ್ಚಾಗುತ್ತಾರೆ.

ಇನ್ನು ನಮ್ಮ ಹುಡುಗರ ಸೈಲೆನ್ಸರಿನ ಹುಚ್ಚು. ಕಂಪನಿಯ ಸೈಲೆನ್ಸರ್ ಬಿಚ್ಚಿಸಿ ಗುಂಡು ಹಾರಿಸಿದಂತೆ ಸದ್ದು ಮಾಡುವುದನ್ನು ಹಾಕಿಸಲು ಸಾವಿರಾರು ರೂಪಾಯಿ ಸುರಿಯುತ್ತಾರೆ. ತಯಾರಿಕೆಯ ಸ್ವರೂಪವನ್ನು ಹೀಗೆ ಬದಲಿಸುವುದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ, ದಂಡಕ್ಕೆ ದಾರಿ. ಓಣಿಯ ಹಸುಗೂಸು, ಹೃದಯದ ಕಾಯಿಲೆಯ ಮುದುಕರು ಬೆಚ್ಚಿಬೀಳುವುದು ಬೇರೆ. ಆ ಹಣದಲ್ಲಿ ಎರಡು ಒಳ್ಳೆಯ ಹೆಲ್ಮೆಟ್ ಬರುತ್ತವೆ ಎಂದು ಮಗನಿಗೆ ಲೆಕ್ಕ ಮಾಡಿ ತೋರಿಸಿ.

ಮನೆಯಲ್ಲೊಂದು ನೋಟ್‌ಬುಕ್

ಮಗಳು ಬಿದ್ದ ಮೇಲೆ ನಾನು ಮಾಡಿದ ಕೆಲಸವೆಂದರೆ ಕಿರಾಣಿ ಲೆಕ್ಕದ ಪುಸ್ತಕದ ಹಿಂದಿನ ನಾಲ್ಕು ಪುಟಗಳನ್ನು ಗಾಡಿಗೆ ಕೊಟ್ಟದ್ದು. ಮೊದಲ ಪುಟದಲ್ಲಿ ಗಾಡಿಯ ಮಾದರಿ, ವರ್ಷ, ಚಾಸಿಸ್ ನಂಬರು. ನಂತರ ಯಾವ ದಿನ ಯಾವ ಸಾಮಾನು ಹಾಕಿಸಿದ್ದು, ಎಷ್ಟು ಕಿಲೋಮೀಟರಿಗೆ, ಯಾವ ಅಂಗಡಿ, ಎಷ್ಟು ಹಣ. ಬಿಲ್ಲುಗಳು ಒಂದು ಲಕೋಟೆಯಲ್ಲಿ. ಮೊದಲು ಯಜಮಾನರು ನಕ್ಕರು. ಆಮೇಲೆ ಆರು ತಿಂಗಳೊಳಗೆ ಎರಡನೇ ಸಲ ಕ್ಲಚ್ ಕೇಬಲ್ ತುಂಡಾದಾಗ ಅವರೇ ಪುಸ್ತಕ ಕೇಳಿದರು.

ಬಿಲ್ಲು ಕೇಳುವುದಕ್ಕೆ ಸಂಕೋಚ ಬೇಡ. ಬಿಲ್ಲಿಲ್ಲದೆ ಯಾವ ದೂರೂ ನಿಲ್ಲುವುದು ಕಷ್ಟ. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಇವೆಯೇ ನೋಡಿ. ಅಕ್ಷರ ತಪ್ಪುಗಳು, ಮಸುಕು ಮುದ್ರಣ, ಹರಿದು ಮತ್ತೆ ಅಂಟಿಸಿದ ಗುರುತು ಕಂಡರೆ ಅನುಮಾನಪಡಿ. ಬದಲಿಸಿದ ಹಳೆಯ ಸಾಮಾನನ್ನು ಮೇಸ್ತ್ರಿಯಿಂದ ಕೇಳಿ ಪಡೆಯಿರಿ. ನಿಜವಾಗಿ ಬದಲಿಸಿದ್ದಾರೆಯೇ ಎಂಬುದೂ ತಿಳಿಯುತ್ತದೆ, ಮುಂದಿನ ಸಲಕ್ಕೆ ಅಳತೆಯೂ ಆಗುತ್ತದೆ. ಮೋಸವಾಯಿತು ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು.

ಗಾಡಿ ಹತ್ತುವ ಮೊದಲು ಅರ್ಧ ನಿಮಿಷ ಸಾಕು. ಸ್ಯಾರಿ ಗಾರ್ಡ್ ಇದೆಯೇ, ಅಲುಗಾಡುತ್ತಿದೆಯೇ? ಹಿಡಿಯಲು ಹಿಡಿ ಇದೆಯೇ? ಕಾಲಿಗೆ ಫುಟ್‌ರೆಸ್ಟ್ ಸಿಗುತ್ತಿದೆಯೇ? ಟೈರಿನ ಗೆರೆ ಉಳಿದಿದೆಯೇ? ಬುರ್ಖಾದ ಅಂಚು, ದುಪಟ್ಟಾ, ಸೆರಗು ಒಳಗೆ ಸೇರಿವೆಯೇ? ಇದಕ್ಕೆ ಮೇಸ್ತ್ರಿಯ ವಿದ್ಯೆ ಬೇಕಿಲ್ಲ. ಕಣ್ಣಿದ್ದರೆ ಸಾಕು, ಕೇಳುವ ಬಾಯಿ ಇದ್ದರೆ ಸಾಕು.

ಮಗಳ ಕೈ ಈಗ ಸರಿಯಾಗಿದೆ. ಪ್ಲಾಸ್ಟರು ಬಿಚ್ಚಿದ ಮೇಲೆ ಮೊದಲ ಸಲ ಅಣ್ಣನ ಬೈಕು ಹತ್ತುವ ಮುನ್ನ ಅವಳು ಬಗ್ಗಿ ಆ ಜಾಲರಿಯನ್ನು ಎರಡು ಸಲ ಎಳೆದು ನೋಡಿದಳು. ಅಣ್ಣ ಏನೂ ಅನ್ನಲಿಲ್ಲ, ಅವಳು ಕೂರುವವರೆಗೆ ಕಾದ. ಬಾಗಿಲಲ್ಲಿ ಕೂತಿದ್ದ ಮಾವನವರು ತಮ್ಮ ಯೆಜ್ಡಿಯ ಕಡೆ ನೋಡಿ ಹೇಳಿದರು, "ಮುಂದೆ ಕೂತವನಿಗೆ ರಸ್ತೆ ಕಾಣ್ತದೆ, ಹಿಂದೆ ಕೂತವರಿಗೆ ಗಾಡಿ ಕಾಣ್ತದೆ. ಇಬ್ಬರೂ ನೋಡ್ಕೊಂಡ್ರೆ ಮನೆ ತಲುಪ್ತಾರೆ."